ಕಿತ್ತ ಗಿಡದಲ್ಲಿ ಉಳಿದದ್ದು

ಬಾಳೂರಿನ ಸೋಮಶೇಖರಪ್ಪನವರ ತೋಟದಲ್ಲಿ ಜವರಮ್ಮ ನೋಡಿ ಮುಂದೆ ಹೋದ ಗಿಡವನ್ನು ಇನ್ನೊಬ್ಬರು ನೋಡುವ ರೂಢಿ ಇರಲಿಲ್ಲ. ಅರೇಬಿಕಾ ಗಿಡದ ಕಾಂಡವನ್ನು ಕೊರೆದು ಒಳಗೊಳಗೇ ತಿನ್ನುವ ಹುಳುವನ್ನು ತೋಟದವರು ಬೋರರ್ ಎನ್ನುತ್ತಾರೆ. ಅದು ಹೊಕ್ಕ ಗಿಡ ತಿಂಗಳುಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ. ಎಲೆ ಹಳದಿಯಾಗಿ ಜೋತುಬಿದ್ದ ಮೇಲೆ ಗುರುತಿಸುವುದು ಯಾರಿಗೂ ಬರುತ್ತದೆ. ಅಷ್ಟು ಹೊತ್ತಿಗೆ ಹುಳು ತನ್ನ ಕೆಲಸ ಮುಗಿಸಿರುತ್ತದೆ. ಅದಕ್ಕೆ ಮುಂಚೆ ಕಂಡುಹಿಡಿಯಬೇಕಾದರೆ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಾಂಡವನ್ನು ನೆಲದಿಂದ ಮೇಲಕ್ಕೆ ಹೆಬ್ಬೆರಳಿನಿಂದ ಸವರಿಕೊಂಡು ಬರಬೇಕು. ತೊಗಟೆಯ ಕೆಳಗೆ ಹುಳು ನಡೆದ ದಾರಿ ಸಣ್ಣ ನರದಂತೆ ಉಬ್ಬಿರುತ್ತದೆ. ಕಣ್ಣಿಗೆ ಬೀಳದ ಆ ಉಬ್ಬು ಜವರಮ್ಮನ ಹೆಬ್ಬೆರಳಿಗೆ ಸಿಗುತ್ತಿತ್ತು. ಸಿಕ್ಕಿದ ಗಿಡಕ್ಕೆ ಅವಳು ಸುಣ್ಣದ ಗೆರೆ ಎಳೆದು ಮುಂದಕ್ಕೆ ಹೋದರೆ, ಹಿಂದಿನಿಂದ ಬರುವ ಗಂಡಾಳುಗಳು ಅದನ್ನು ಬೇರು ಸಮೇತ ಕೀಳುತ್ತಿದ್ದರು.

ಈ ಕೆಲಸ ವರ್ಷಕ್ಕೆ ಎರಡು ಸಲ, ಹುಳು ದುಂಬಿಯಾಗಿ ಹೊರಬಂದು ಹಾರುವ ಕಾಲಕ್ಕೆ ಸ್ವಲ್ಪ ಮುಂಚೆ, ಮಾರ್ಚಿನಲ್ಲೊಮ್ಮೆ ಮತ್ತು ಸೆಪ್ಟೆಂಬರಿನಲ್ಲೊಮ್ಮೆ. ೨೦೦೩ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಹಳ್ಳದ ಮೇಲಿನ ಬ್ಲಾಕಿನಲ್ಲಿ, ಜವರಮ್ಮ ಒಂದು ಗಿಡದ ಬುಡದಲ್ಲಿ ಕೂತವಳು ಏಳಲಾಗದೆ ಹಾಗೆಯೇ ಉಳಿದಳು. ಎಡ ಕಿಬ್ಬೊಟ್ಟೆಯ ಆಳದಲ್ಲಿ ಎದ್ದ ನೋವು ತೊಡೆಯೊಳಗಿಂದ ಇಳಿದು ಮಂಡಿಯ ಹತ್ತಿರ ನಿಂತಿತು. ಪಕ್ಕದ ಸಾಲಿನಲ್ಲಿದ್ದ ದ್ಯಾವಮ್ಮ ತೋಟದ ಆಳುಗಳ ಸಾಲುಮನೆಗಳ ಒಂದೇ ಲೈನಿನಲ್ಲಿ ಇಪ್ಪತ್ತೈದು ವರ್ಷ ಗೋಡೆ ಹಂಚಿಕೊಂಡವಳು. ಅವಳು ತಿರುಗಿ ನೋಡಿ, "ಏನೇ, ಗಿಡದ ಕಿವೀಲಿ ಗುಟ್ಟು ಹೇಳ್ತಾ ಇದೀಯಾ?" ಎಂದಳು.

"ಕಾಲು ಜೋಮು ಹಿಡೀತು" ಎಂದು ಜವರಮ್ಮ ಗಿಡವನ್ನು ಹಿಡಿದುಕೊಂಡು ಎದ್ದಳು.

ಜೋಮಲ್ಲವೆಂದು ಅವಳಿಗೆ ಗೊತ್ತಿತ್ತು. ಆ ನೋವಿನ ಗುರುತು ಅವಳಿಗಿತ್ತು. ಹದಿಮೂರನೆಯ ವಯಸ್ಸಿನಿಂದ ನಲವತ್ತೊಂದರವರೆಗೆ ಅದು ಅವಳೊಂದಿಗೆ ಬಾಳ್ವೆ ಮಾಡಿತ್ತು. ಹನ್ನೆರಡು ವರ್ಷದ ಹಿಂದೆ ಅದನ್ನು ಆಸ್ಪತ್ರೆಯಲ್ಲಿ ಬಿಟ್ಟುಬಂದೆನೆಂದು ಅವಳು ನಂಬಿದ್ದಳು. ಅವತ್ತು ಕೆಲಸ ಮುಗಿಸಿ ಸ್ನಾನಕ್ಕೆ ನಿಂತಾಗ ಲಂಗದ ಮೇಲೆ ನಾಣ್ಯದಗಲದ ಕಂದು ಕಲೆ ಕಂಡಿತು. ಗರ್ಭಕೋಶವೇ ಇಲ್ಲದ, ಐವತ್ತಮೂರು ದಾಟಿದ ಮೈಯಿಂದ ರಕ್ತ. ಅವಳು ಆ ಬಟ್ಟೆಯನ್ನು ಬೇರೆಯಾಗಿ ಒಗೆದು, ಒಳಗೆ ಹಗ್ಗದ ಮೇಲೆ ಹರಡಿದಳು.

ಜವರಮ್ಮ ಹುಟ್ಟಿದ್ದು ಕಳಸದ ಕಡೆ. ಹದಿನೇಳಕ್ಕೆ ಮಂಜಯ್ಯನನ್ನು ಮದುವೆಯಾಗಿ ಬಾಳೂರಿನ ಲೈನ್ ಮನೆಗೆ ಬಂದಳು. ತಿಂಗಳ ಮೂರು ದಿನ ಹೊರಗೆ ಕೂರುವುದು ಸಾಹುಕಾರರ ಮನೆಯ ಹೆಂಗಸರಿಗೆ ಕಟ್ಟುಪಾಡಾಗಿತ್ತು. ಕೂಲಿಗೆ ಬರುವ ಹೆಂಗಸರಿಗೆ ಅಂಥ ಕಟ್ಟುಪಾಡು ಕೂಡ ಇರಲಿಲ್ಲ, ಆದ್ದರಿಂದ ವಿಶ್ರಾಂತಿಯೂ ಇರಲಿಲ್ಲ. ಹೊಟ್ಟೆಗೆ ಟವೆಲು ಬಿಗಿದು, ತುಟಿ ಕಚ್ಚಿಕೊಂಡು, ಅವಳು ಹಣ್ಣು ಕೊಯ್ದಳು, ಚಿಗುರು ತೆಗೆದಳು, ಗೊಬ್ಬರ ಹೊತ್ತಳು. ಮಗಳು ಪ್ರೇಮಕುಮಾರಿ ಹುಟ್ಟಿದ ಮೇಲೆ ಮತ್ತೊಂದು ಬಸಿರು ನಿಲ್ಲಲಿಲ್ಲ. ಎಲ್ಲ ಹೆಂಗಸರಿಗೂ ಆಗುವುದೇ ಇವಳಿಗೂ ಆಗುತ್ತಿದೆ, ಇವಳು ತಡೆದುಕೊಳ್ಳಲು ಕಲಿಯಲಿಲ್ಲ ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದಳು. ಕೊನೆಕೊನೆಗೆ ಜವರಮ್ಮನೂ ಅದನ್ನೇ ನಂಬಿದ್ದಳು. ಕಂಡುಹಿಡಿಯುವ ಹೆಬ್ಬೆರಳು ಅವಳದಾಗಿದ್ದರೂ ತನ್ನ ಹೊಟ್ಟೆಯ ಮೇಲೆ ಅದು ಓಡಲಿಲ್ಲ.

೧೯೯೧ರಲ್ಲಿ ರಕ್ತ ನಿಲ್ಲದೆ ಎದ್ದು ನಿಲ್ಲಲಾಗದ ಸ್ಥಿತಿ ಬಂದಾಗ, ಸೋಮಶೇಖರಪ್ಪನವರ ಜೀಪಿನಲ್ಲಿ ದೂರದ ಪಟ್ಟಣದ ಒಂದು ಆಸ್ಪತ್ರೆಗೆ ಸಾಗಿಸಿದರು. ಗರ್ಭಕೋಶವನ್ನೂ ಎರಡು ಅಂಡಾಶಯಗಳನ್ನೂ ತೆಗೆದರು. ಚೀಲ ತೆಗೆದಾಯಿತು, ಇನ್ನು ಆ ಕಾಟವಿಲ್ಲ ಎಂದು ಮಂಜಯ್ಯನಿಗೆ ಹೇಳಿದರು. ಕರುಳಿಗೆ ಅಂಟಿಕೊಂಡಿದ್ದ ಒಂದಿಷ್ಟನ್ನು ಬಿಡಿಸಲು ಹೋದರೆ ಅಪಾಯವೆಂದು ಹಾಗೇ ಬಿಟ್ಟಿದ್ದೇವೆ ಎಂದೂ ಹೇಳಿದ್ದರು. ಮಂಜಯ್ಯ ಮಿತಭಾಷಿ. ಮೊದಲ ಮಾತನ್ನು ಹೆಂಡತಿಗೆ ತಲುಪಿಸಿದ. ಎರಡನೆಯದರಲ್ಲಿ ಅವಳಿಗೆ ಬೇಕಾದದ್ದು ಏನೂ ಇಲ್ಲವೆಂದು ತನ್ನಲ್ಲೇ ಇಟ್ಟುಕೊಂಡ. ಇಂಗ್ಲಿಷಿನಲ್ಲಿ ಬರೆದ ಡಿಸ್ಚಾರ್ಜು ಚೀಟಿ ನಾಲ್ಕು ಮಡಿಕೆಯಾಗಿ ಟ್ರಂಕಿನ ತಳ ಸೇರಿತು.

ನೋವು ಹೋಯಿತು, ಅದರ ಜಾಗಕ್ಕೆ ಬೆಂಕಿ ಬಂತು. ಅಂಡಾಶಯ ತೆಗೆದ ಮೈ ಒಂದೇ ದಿನದಲ್ಲಿ ಹತ್ತು ವರ್ಷ ಮುಂದಕ್ಕೆ ಜಿಗಿಯುತ್ತದೆ. ಬೇರೆ ಹೆಂಗಸರಿಗೆ ಮೆಲ್ಲಮೆಲ್ಲಗೆ ಬರುವ ಮುಟ್ಟು ನಿಲ್ಲುವ ಕಾಲ ಅವಳಿಗೆ ಹೊಲಿಗೆ ಬಿಚ್ಚುವ ಮುಂಚೆಯೇ ಬಂತು. ಜನವರಿಯ ಇಬ್ಬನಿಯಲ್ಲಿ ಎಲ್ಲರೂ ಕಂಬಳಿ ಹೊದ್ದು ಹೋಗುವಾಗ ಅವಳ ಕುತ್ತಿಗೆಯಿಂದ ಬೆವರು ಸುರಿಯುತ್ತಿತ್ತು. ನಡುಮಧ್ಯಾಹ್ನ ಕಾಫಿ ಒಣಗಿಸುವ ಕಣದ ನಡುವೆ ಬರಿಗಾಲಲ್ಲಿ ನಿಂತಂತೆ ಅನ್ನಿಸುತ್ತಿತ್ತು. ನಿದ್ದೆಯಿಲ್ಲದೆ ಕೈ ನಡುಗಿ, ಹೆಬ್ಬೆರಳಿಗೆ ಉಬ್ಬು ಸಿಗದಾಯಿತು. ಅದೇ ಆಸ್ಪತ್ರೆಯಲ್ಲಿ ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಆರು ತಿಂಗಳು ನುಂಗಿ, ಆಮೇಲೆ ಬಂದು ತೋರಿಸಿ ಎಂದರು. ಮೂರು ವಾರದಲ್ಲಿ ಬೆಂಕಿ ಆರಿತು, ನಿದ್ದೆ ಬಂತು, ಹೆಬ್ಬೆರಳು ಮತ್ತೆ ನೆಟ್ಟಗಾಯಿತು.

ಆರು ತಿಂಗಳಾದಾಗ ಕೊಯ್ಲಿನ ಕಾಲ. ಆಸ್ಪತ್ರೆ ಎಷ್ಟೋ ದೂರ. ವಾರಕ್ಕೊಮ್ಮೆ ಮೂಡಿಗೆರೆಗೆ ಹೋಗಿಬರುವ ತೋಟದ ಜೀಪಿನ ಇಲಿಯಾಸನ ಕೈಗೆ ಅವಳು ಖಾಲಿ ಮಾತ್ರೆ ಪಟ್ಟಿ ಕೊಟ್ಟಳು. ಅವನು ಅದನ್ನು ಔಷಧದ ಅಂಗಡಿಯಲ್ಲಿ ತೋರಿಸಿ ಅಂಥದ್ದೇ ತಂದುಕೊಟ್ಟ. ಮುಂದಿನ ಸಲವೂ ಹಾಗೆಯೇ ಆಯಿತು. ಗೊಬ್ಬರ, ಕತ್ತಿ, ಸೀಮೆಎಣ್ಣೆ, ಮಕ್ಕಳ ಪುಸ್ತಕ ಎಲ್ಲವೂ ಜೀಪಿನಲ್ಲಿ ಮಾದರಿ ತೋರಿಸಿ ತರಿಸುವುದೇ ಆಗಿದ್ದ ಊರಿನಲ್ಲಿ ಅದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ. ಅಂಗಡಿಯವನು ಚೀಟಿ ಕೇಳಲಿಲ್ಲ. ಇಲಿಯಾಸ ಅದು ಏತಕ್ಕೆಂದು ಕೇಳಲಿಲ್ಲ. ಒಂದೆರಡು ವರ್ಷದಲ್ಲಿ ಲೈನಿನವರೆಲ್ಲ ಅದಕ್ಕೆ ಜವರಕ್ಕನ ತಂಪು ಮಾತ್ರೆ ಎಂಬ ಹೆಸರಿಟ್ಟರು. ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಅದು ನೆಲೆಯಾಯಿತು. ಅವಳ ಲೆಕ್ಕಕ್ಕೆ ಅದು ಔಷಧವಾಗಿ ಉಳಿಯಲೇ ಇಲ್ಲ. ಬೇಸಿಗೆಯಲ್ಲಿ ಮಜ್ಜಿಗೆ ಕುಡಿದಂತೆ ದಿನವೂ ನುಂಗುವ ಒಂದು ತಂಪು, ಅಷ್ಟೆ.

ಈ ನಡುವೆ, ೧೯೯೭ರಲ್ಲಿ ಇನ್ನೊಂದು ಸಂಗತಿ ನಡೆಯಿತು.

ಕಿತ್ತ ಕಾಫಿ ಗಿಡ ಲೈನಿನವರ ಪಾಲಿಗೆ ಎಂಬುದು ಸೋಮಶೇಖರಪ್ಪನವರ ತಂದೆಯ ಕಾಲದಿಂದ ಬಂದ ವಾಡಿಕೆ. ಕಾಫಿ ಸೌದೆ ಗಟ್ಟಿ. ಹೊಗೆ ಕಡಿಮೆ, ಕೆಂಡ ಹೆಚ್ಚು. ಬೋರರ್ ಹಿಡಿದ ಗಿಡವನ್ನು ಕಿತ್ತ ಜಾಗದಲ್ಲೇ ಸುಡಬೇಕೆಂದು ಕಾಫಿ ಬೋರ್ಡಿನಿಂದ ಬಂದವರು ಸಾಹುಕಾರರಿಗೆ ಹೇಳಿದ್ದರು, ಸಾಹುಕಾರರು ತೋಟದ ಲೆಕ್ಕ ಬರೆಯುವ ರೈಟರಿಗೆ, ರೈಟರು ಮೇಸ್ತ್ರಿಗೆ. ಮಾತು ಅಲ್ಲಿಗೆ ನಿಂತಿತ್ತು. ಮೇಸ್ತ್ರಿಯ ಮನೆಯ ಒಲೆಯಲ್ಲೂ ಅದೇ ಸೌದೆ ಉರಿಯುತ್ತಿತ್ತು. ಜವರಮ್ಮನಿಗಂತೂ ಅದರಲ್ಲಿ ತಪ್ಪು ಕಾಣಲಿಲ್ಲ. ಬೇರು ಕಿತ್ತು, ಬಿಸಿಲಲ್ಲಿ ಒಣಗಿ, ತಟ್ಟಿದರೆ ಟಣ್ಣೆನ್ನುವ ಕಟ್ಟಿಗೆಯಲ್ಲಿ ಏನು ಜೀವ ಉಳಿದೀತು? ಗಿಡ ಸತ್ತರೆ ಅದರ ರೋಗವೂ ಸತ್ತಂತೆ ಎಂಬುದು ಅವಳ ತಿಳುವಳಿಕೆಯಾಗಿತ್ತು.

ಆದರೆ ಲೈನಿಗೆ ತಾಗಿದ ಬ್ಲಾಕು ಮಾತ್ರ ಶುದ್ಧವಾಗುತ್ತಲೇ ಇರಲಿಲ್ಲ. ಪ್ರತಿ ಮಾರ್ಚಿನಲ್ಲೂ ಅಲ್ಲಿನ ಹುಳುವಿನ ಗಿಡಗಳನ್ನೆಲ್ಲ ತೆಗೆಸಿದರೂ ಮುಂದಿನ ಮಾರ್ಚಿಗೆ ಮತ್ತೆ ಅಷ್ಟೇ ಸಿಗುತ್ತಿದ್ದವು. ತನ್ನ ಬೆರಳೇ ತಪ್ಪುತ್ತಿದೆಯೇನೋ ಎಂದು ಅವಳು ಭಾನುವಾರಗಳಲ್ಲಿ ಒಬ್ಬಳೇ ಹೋಗಿ ಅದೇ ಸಾಲುಗಳನ್ನು ಮತ್ತೆ ಸವರಿ ಬರುತ್ತಿದ್ದಳು. ಆ ವರ್ಷದ ನವೆಂಬರಿನ ಒಂದು ಬೆಳಿಗ್ಗೆ, ಮಳೆ ಹಿಂದೆಗೆದು ಎಳೆ ಬಿಸಿಲು ಬಿದ್ದಿದ್ದಾಗ, ಒಲೆಗೆಂದು ಹಿತ್ತಲಿನ ಸೌದೆ ಒಟ್ಟಿಲಿನಿಂದ ಒಂದು ಕಾಂಡ ಎಳೆದಳು. ಅದರ ಪಕ್ಕೆಯಲ್ಲಿ ಬಳಪದಗಲದ ದುಂಡನೆಯ ತೂತು. ತೂತಿನಿಂದ ಮೊದಲು ಎರಡು ಮೀಸೆ ಹೊರಬಂದವು, ಆಮೇಲೆ ಕಪ್ಪು ಮೈಯ ಮೇಲೆ ಬಿಳಿ ಪಟ್ಟೆಗಳ ಒಂದು ದುಂಬಿ. ಬಿಸಿಲಿಗೆ ಸ್ವಲ್ಪ ಹೊತ್ತು ನಿಂತು ಮೈ ಕಾಯಿಸಿಕೊಂಡು ಅದು ಹಾರಿತು. ಹಾರಿದ್ದು ಲೈನಿನ ಪಕ್ಕದ ಬ್ಲಾಕಿನ ಕಡೆಗೆ. ಒಟ್ಟಿಲನ್ನು ಕೆದಕಿದಾಗ ಅಂಥ ತೂತುಗಳು ಇನ್ನೂ ಹತ್ತಾರು ಕಂಡವು.

ಮೂರು ದಿನ ಅವಳು ಯಾರಿಗೂ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಆ ಕಾಂಡವನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಹುಕಾರರ ಮನೆಯ ಜಗಲಿಗೆ ಹೋದಳು.

"ಸಾವ್ಕಾರ್ರೇ, ಲೈನ್ ಪಕ್ಕದ ಬ್ಲಾಕಿಗೆ ಬೋರರ್ ಬರ್ತಾ ಇದ್ದಿದ್ದು ನಮ್ಮನೆ ಹಿತ್ತಲಿಂದ."

ಸೋಮಶೇಖರಪ್ಪನವರು ಕಾಂಡವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನೀನಾಗೇ ಬಂದು ಹೇಳ್ದೇ ಇದ್ದಿದ್ರೆ ನಂಗೆ ಈ ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ" ಎಂದರು.

"ಹೊತ್ಕೊಂಡ್ ಹೋಗಿದ್ದು ನಾನೇ ಅಲ್ವಾ."

ಲೈನಿನ ಒಟ್ಟಿಲುಗಳನ್ನೆಲ್ಲ ಅಂಗಳಕ್ಕೆ ಎಳೆದು ಸುಟ್ಟರು. ಬದಲಿಗೆ ಕಾಫಿಗೆ ನೆರಳಾಗಿ ಬೆಳೆಸಿದ ಸಿಲ್ವರ್ ಮರದ ಕೊಂಬೆಗಳನ್ನು ಕೊಡುವುದೆಂದಾಯಿತು. ಅವು ಹಸಿ, ಹೊಗೆ ವಿಪರೀತ. ಕಣ್ಣೊರೆಸಿಕೊಂಡು ಒಲೆ ಊದುವಾಗಲೆಲ್ಲ ದ್ಯಾವಮ್ಮ ಗೋಡೆಯಾಚೆಯಿಂದ ಜವರಮ್ಮನ ಸತ್ಯವಂತಿಕೆಗೆ ಮಂಗಳಾರತಿ ಎತ್ತುತ್ತಿದ್ದಳು. ಆದರೆ ಎರಡು ವರ್ಷದಲ್ಲಿ ಆ ಬ್ಲಾಕು ಸ್ವಚ್ಛವಾಯಿತು.

ಇಂಥ ಜವರಮ್ಮ ೨೦೦೩ರ ಆ ಕಲೆಯನ್ನು ಮೂರು ತಿಂಗಳು ಮುಚ್ಚಿಟ್ಟಳು. ಗಿಡದ ವಿಷಯವನ್ನು ಮುಚ್ಚಿಟ್ಟದ್ದು ಮೂರೇ ದಿನ. ಹತ್ತಿರದ ಪೇಟೆಯಲ್ಲಿ ಇಬ್ಬರು ಡಾಕ್ಟರಿಗೆ ನೋವನ್ನಷ್ಟೇ ಹೇಳಿಕೊಂಡಳು. ಚೀಲ ತೆಗೆಸಿದ್ದೀರಲ್ಲ, ಅಲ್ಲೇನಿದೆ ನೋಯುವುದಕ್ಕೆ ಎಂದು ಒಬ್ಬರು ವಾಯುವಿಗೆ ಔಷಧ ಕೊಟ್ಟರು. ಇನ್ನೊಬ್ಬರು ಮೂಲವ್ಯಾಧಿ ಎಂದರು. ಇಬ್ಬರೂ ಕೆಟ್ಟ ಡಾಕ್ಟರುಗಳಲ್ಲ. ತೆಗೆದದ್ದು ಹೋಯಿತು ಎಂದುಕೊಳ್ಳುವುದು ಸಹಜವಾದ ತರ್ಕ. ಸಹಜವಾಗಿರುವುದರಿಂದಲೇ ಅದನ್ನು ಯಾರೂ ಒರೆಗೆ ಹಚ್ಚಿ ನೋಡುವುದಿಲ್ಲ.

ಡಿಸೆಂಬರಿನಲ್ಲಿ ಆಲ್ದೂರಿನಿಂದ ಮಗಳು ಬಂದಳು. ಪ್ರೇಮಕುಮಾರಿ ಅಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ತಾಯಿಯ ರವಿಕೆ ಸಡಿಲವಾಗಿರುವುದು ಅವಳ ಕಣ್ಣಿಗೆ ಮೊದಲು ಬಿತ್ತು, ಒಳಗೆ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ ಆಮೇಲೆ. ಅವಳು ಹೆಚ್ಚು ಮಾತಾಡದೆ ಚಿಕ್ಕಮಗಳೂರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದಳು. ಗರ್ಭಕೋಶವಿದ್ದ ಜಾಗದ ಎಡಕ್ಕೆ ಒಂದು ಗಂಟು. ಅದು ಮೂತ್ರದ ನಾಳವನ್ನು ಅದುಮಿದ್ದರಿಂದ ಎಡ ಮೂತ್ರಪಿಂಡ ಊದಿದೆ. ಕ್ಯಾನ್ಸರ್ ಇದ್ದರೂ ಇರಬಹುದು, ಮಂಗಳೂರಿಗೆ ಹೋಗಿ ಎಂದರು.

ಲೈನಿನಲ್ಲಿ ಆ ಇರಬಹುದು ಬಿದ್ದುಹೋಗಿ ಕ್ಯಾನ್ಸರ್ ಒಂದೇ ಉಳಿಯಿತು. ದ್ಯಾವಮ್ಮ ಈಗ ಚೇಷ್ಟೆ ಮಾಡಲಿಲ್ಲ. ಗೋಡೆ ದಾಟಿ ಬಂದು ಪಕ್ಕದಲ್ಲಿ ಕೂತು, ಅಂಥ ಗಂಟನ್ನು ಬಿಚ್ಚಿ ಗಾಳಿ ತಾಗಿಸಿದರೆ ಮೈತುಂಬ ಹರಡುತ್ತದಂತೆ, ಇದ್ದಷ್ಟು ದಿನ ಹೀಗೇ ಇದ್ದುಬಿಡು ಎಂದು ಮೆಲ್ಲಗೆ ಹೇಳಿದಳು. ಮಂಗಳೂರಿನ ಮಾತು ಬಂದಾಗಲೆಲ್ಲ ಮಂಜಯ್ಯ ಎದ್ದು ಹೊರಗೆ ಹೋಗುತ್ತಿದ್ದ. ಬಿಚ್ಚಿಸಿಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನ ಜವರಮ್ಮನ ಮೇಲೆಯೇ ಬಂತು. ಅವಳು ಎರಡು ದಿನ ಯೋಚಿಸಿದಳು. ಹುಳು ಇದೆಯೋ ಇಲ್ಲವೋ ಎಂಬ ಅನುಮಾನ ಬಂದಾಗ ಗಿಡವನ್ನು ಹಾಗೇ ಬಿಟ್ಟು ಮುಂದಿನ ಸಾಲಿಗೆ ಹೋದದ್ದು ಅವಳಿಗೆ ನೆನಪಿರಲಿಲ್ಲ. ತೋರಿಸಿಕೊಂಡು ಬರುವುದಂತೂ ಹೌದು ಎಂದು ಎದ್ದಳು. ಆಗ ಮಂಜಯ್ಯ ಟ್ರಂಕು ತೆಗೆದು ಹಳೆಯ ಚೀಟಿಯನ್ನು ಮಗಳ ಕೈಗೆ ಕೊಟ್ಟ. ಕರುಳಿಗೆ ಅಂಟಿದ್ದರ ಮಾತನ್ನು ಅವನು ಹೇಳಿದ್ದು ಅವತ್ತು, ಹನ್ನೆರಡು ವರ್ಷದ ಮೇಲೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಡಾ. ದೀಪಶ್ರೀ ಎಂಬ ಹೆಂಗಸು, ವಯಸ್ಸು ಮೂವತ್ತೈದರ ಆಸುಪಾಸು, ಆ ಚೀಟಿಯನ್ನು ಎರಡು ಸಲ ಓದಿದರು. ಅದರಲ್ಲಿ ಎಂಡೊಮೆಟ್ರಿಯೋಸಿಸ್ ಎಂಬ ಪದವಿತ್ತು. ಗರ್ಭಕೋಶದ ಒಳಮೈಗೆ ಇರುವಂಥದೇ ಪೊರೆ ಕೆಲವು ಹೆಂಗಸರಿಗೆ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ ಬೆಳೆಯುತ್ತದೆ. ಅದೂ ತಿಂಗಳು ತಿಂಗಳು ಊದುತ್ತದೆ, ರಕ್ತ ಸುರಿಸುತ್ತದೆ. ಆ ರಕ್ತಕ್ಕೆ ಹೊರಬರಲು ದಾರಿಯಿಲ್ಲದೆ ಒಳಗೇ ಹೆಪ್ಪುಗಟ್ಟಿ ಅಂಟುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಹಾಗೆ ಯಾಕೆ ಆಗುತ್ತದೆ ಎಂಬುದಕ್ಕೆ ಪುಸ್ತಕಗಳಲ್ಲಿ ನಾಲ್ಕಾರು ವಿವರಣೆಗಳಿವೆ, ಒಂದೂ ಎಲ್ಲರ ವಿಷಯದಲ್ಲಿ ಹೊಂದುವುದಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಹದಿಮೂರನೆಯ ವಯಸ್ಸಿನ ನೋವಿಗೆ ಐವತ್ತಮೂರರಲ್ಲಿ ಒಂದು ಹೆಸರು ಸಿಕ್ಕಿತ್ತು. ತಡೆದುಕೊಳ್ಳಲು ಕಲಿಯದವಳು ಎಂಬ ಅತ್ತೆಯ ಮಾತು ಜವರಮ್ಮನ ಮನಸ್ಸಿನಲ್ಲಿ ಒಮ್ಮೆ ಬಂದು ಹೋಯಿತು. ಅತ್ತೆ ಸತ್ತು ಹತ್ತು ವರ್ಷವಾಗಿತ್ತು.

ಮುಟ್ಟು ನಿಂತ ಮೇಲೆ ಇದು ಸಾಮಾನ್ಯವಾಗಿ ಒಣಗಿಹೋಗುತ್ತದೆ, ಎಲ್ಲೋ ಕೆಲವರಲ್ಲಿ ಮಾತ್ರ ಉಳಿದು ಮತ್ತೆ ಏಳುತ್ತದೆ. ನಿಮ್ಮದು ಅದೋ ಅಥವಾ ಕ್ಯಾನ್ಸರೋ ಎಂಬುದನ್ನು ತೆಗೆದು ನೋಡದೆ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಎಲ್ಲ ತೆಗೆಸಿದ ಮೇಲೂ ಹೇಗೆ ಉಳಿಯುತ್ತದೆ ಎಂದು ಈ ರೋಗಿಯೂ ಕೇಳುತ್ತಾಳೆಂದು ಅವರು ಕಾದಿದ್ದರೇನೋ. ಜವರಮ್ಮ ಅದನ್ನು ಕೇಳಲಿಲ್ಲ.

"ಕಿತ್ತ ಗಿಡದಲ್ಲೂ ಹುಳ ಬದ್ಕಿರತ್ತೆ, ಅದು ನಂಗೊತ್ತು" ಎಂದಳು. "ಆದ್ರೆ ಹುಳಕ್ಕೆ ತಿನ್ನಕ್ಕೆ ಕಟ್ಟಿಗೆ ಇರತ್ತೆ. ಇದು ಇಷ್ಟು ವರ್ಷ ಏನ್ ತಿಂದ್ಕೊಂಡಿತ್ತು ಡಾಕ್ಟ್ರಮ್ಮಾ?"

ಡಾ. ದೀಪಶ್ರೀ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. "ನಂಗೂ ಅದೇ ಅರ್ಥ ಆಗ್ತಿಲ್ಲಮ್ಮ. ಅಂಡಾಶಯದಲ್ಲಿ ಒಂದು ರಸ ಆಗತ್ತೆ, ಅದೇ ಇದಕ್ಕೆ ಆಹಾರ. ನಿಮಗೆ ಅಂಡಾಶಯ ಇಲ್ಲ. ಮೈ ಕೊಬ್ಬಲ್ಲೂ ಆ ರಸ ಸ್ವಲ್ಪ ಆಗತ್ತೆ, ಆದ್ರೆ ನೀವು ನೋಡಿದ್ರೆ ಕಡ್ಡಿ ಹಾಗಿದೀರಿ. ಬೇರೆ ಯಾವ ಮಾತ್ರೆಯೂ ತಗೊಳ್ಳಲ್ಲ ಅಂದ್ರಲ್ಲ?"

"ಇಲ್ಲ" ಎಂದಳು ಜವರಮ್ಮ. ಮೊದಲೇ ಬಂದು ವಿಚಾರಿಸಿದ್ದ ನರ್ಸಿಗೂ ಅದನ್ನೇ ಹೇಳಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ.

ಡಾಕ್ಟರು ಮತ್ತೆ ಚೀಟಿಯ ಮೇಲೆ ಬಗ್ಗಿದರು. ಜವರಮ್ಮ ಕಿಟಕಿಯಾಚೆ ನೋಡುತ್ತ ಕೂತಳು. ಲೈನಿನ ಪಕ್ಕದ ಆ ಬ್ಲಾಕು ಅವಳ ಕಣ್ಣಮುಂದೆ ಬಂತು. ಐದು ವರ್ಷ ಗಿಡ ಗಿಡ ಹುಡುಕಿದ್ದಳು, ಮಣ್ಣನ್ನು ಬೈದಿದ್ದಳು, ಪಕ್ಕದ ತೋಟದವರನ್ನು ಬೈದಿದ್ದಳು, ತನ್ನ ಹೆಬ್ಬೆರಳನ್ನೂ ಬೈದುಕೊಂಡಿದ್ದಳು. ಹುಡುಕದೆ ಬಿಟ್ಟ ಜಾಗ ಒಂದೇ, ತನ್ನ ಹಿತ್ತಲು. ಹಾಗಾದರೆ ಈಗ ಹಿತ್ತಲು ಯಾವುದು? ದಿನವೂ ತಾನೇ ಕೈಯಾರೆ ಒಳಗೆ ತಂದಿಡುವ, ತಂದದ್ದೆಂಬ ನೆನಪೂ ಉಳಿಯದ ಅಂಥದ್ದು ಏನಿದೆ? ಅವಳ ಕೈ ಸೊಂಟದ ಎಲೆಅಡಿಕೆ ಚೀಲಕ್ಕೆ ಹೋಯಿತು. ಸುಣ್ಣದ ಡಬ್ಬಿಯ ಪಕ್ಕದಿಂದ ಅರ್ಧ ಖಾಲಿಯಾದ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದು ಔಷಧ ಅಲ್ಲ. ತಂಪಿಗೆ ತಗೊಳ್ಳೋದು."

ಡಾಕ್ಟರು ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿದರು. "ಎಷ್ಟು ವರ್ಷದಿಂದ?"

"ಚೀಲ ತೆಗ್ಸಿದಾಗಿಂದ."

ಪ್ರೇಮಕುಮಾರಿಗೆ ಏನೂ ಅರ್ಥವಾಗಲಿಲ್ಲ. ತಾಯಿಗೆ ಅರ್ಥವಾಗಿದೆ ಎಂಬುದು ಮಾತ್ರ ಅವಳ ಮುಖದಿಂದ ಗೊತ್ತಾಯಿತು. ಮಾತ್ರೆಯಲ್ಲಿದ್ದದ್ದು ಅಂಡಾಶಯದ ಅದೇ ರಸ. ಡಾ. ದೀಪಶ್ರೀ ಬೈಯಲಿಲ್ಲ. ಇದೇ ಕಾರಣವೆಂದು ಪ್ರಮಾಣ ಮಾಡಿ ಹೇಳಲಾರೆ ಎಂದರು. ಇದೇ ಮಾತ್ರೆ ತೆಗೆದುಕೊಂಡು ಏನೂ ಆಗದವರಿದ್ದಾರೆ, ಮಾತ್ರೆಯನ್ನೇ ಮುಟ್ಟದೆ ಈ ರೋಗ ಎದ್ದವರೂ ಇದ್ದಾರೆ. ಆದರೆ ಕರುಳಿನ ಮೇಲೆ ಅಷ್ಟು ಉಳಿದಿರುವವರಿಗೆ ಜೊತೆಗೆ ಕೊಡಬೇಕಾದ ಇನ್ನೊಂದು ಮಾತ್ರೆಯಿಲ್ಲದೆ ಇದೊಂದನ್ನೇ ವರ್ಷಗಟ್ಟಲೆ ಕೊಡಬಾರದಿತ್ತು, ಕೊಟ್ಟವರು ಕರೆದು ವಿಚಾರಿಸಬೇಕಿತ್ತು ಎಂದರು.

"ನಿಲ್ಸಿದ್ರೆ ಬೆಂಕಿ ಮತ್ತೆ ಬರತ್ತೆ" ಎಂದಳು ಜವರಮ್ಮ. ಅದು ಪ್ರಶ್ನೆಯಾಗಿರಲಿಲ್ಲ.

"ಬರತ್ತೆ. ಎಷ್ಟು ದಿನ ಇರತ್ತೆ ಅಂತ ಹೇಳಕ್ಕಾಗಲ್ಲ."

ಬೆಂಕಿ ಎಂದರೆ ನಿದ್ದೆಯಿಲ್ಲದ ರಾತ್ರಿ, ನಿದ್ದೆಯಿಲ್ಲದ ರಾತ್ರಿಯೆಂದರೆ ನಡುಗುವ ಕೈ, ನಡುಗುವ ಕೈಗೆ ಉಬ್ಬು ಸಿಗದು. ಹೆಸರೆಂದು ಅವಳಿಗಿದ್ದದ್ದು ಆ ಹೆಬ್ಬೆರಳೊಂದೇ. ಅದನ್ನೆಲ್ಲ ಅವಳು ಡಾಕ್ಟರಿಗೆ ಹೇಳಲಿಲ್ಲ. ಎದ್ದಾಗ ಪಟ್ಟಿಯನ್ನು ಮೇಜಿನ ಮೇಲೆಯೇ ಬಿಟ್ಟಳು. ಪ್ರೇಮಕುಮಾರಿ ಮರೆತದ್ದೆಂದು ಎತ್ತಿಕೊಳ್ಳಲು ಹೋದಾಗ ಅವಳ ಕೈ ಹಿಡಿದು ತಡೆದಳು.

೨೦೦೪ರ ಜನವರಿಯಲ್ಲಿ ಹೊಟ್ಟೆ ಬಿಚ್ಚಿದರು. ಮೂತ್ರದ ನಾಳವನ್ನು ಬಿಡಿಸಿ, ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ಹತ್ತು ದಿನ ಬೇಕಾಯಿತು. ಆ ಹತ್ತು ದಿನವೂ ಮಂಜಯ್ಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಬಂದರೆ ಮತ್ತೆ ಯಾರಾದರೂ ತನಗೊಂದು ಮಾತು ಹೇಳಿ, ತಾನು ಅದನ್ನು ತಲುಪಿಸದೆ ಹೋದೇನೆಂಬ ಅಂಜಿಕೆ ಅವನಿಗಿತ್ತೆಂದು ಕಾಣುತ್ತದೆ. ಗಂಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಇದ್ದದ್ದು ಅದೇ ಹಳೆಯ ಪೊರೆ, ಅದರೊಳಗೆ ಹಳೆಯ ರಕ್ತ. ಯೋನಿಯ ಮೇಲ್ತುದಿಯ ಹಳೆಯ ಹೊಲಿಗೆಯವರೆಗೆ ಅದು ಬೆಳೆದಿದ್ದರಿಂದ ಬಟ್ಟೆಯ ಮೇಲೆ ಕಲೆ ಕಂಡಿತ್ತು. ಡಾ. ದೀಪಶ್ರೀ ಈ ಸಲ ಜವರಮ್ಮನಿಗೇ ನೇರವಾಗಿ ಎರಡೂ ಮಾತು ಹೇಳಿದರು: ಕ್ಯಾನ್ಸರ್ ಇಲ್ಲ, ಆದರೆ ಕರುಳಿನ ಗೋಡೆಯಲ್ಲಿ ಕಡಲೆಕಾಳಿನಷ್ಟು ಉಳಿದಿದೆ, ಅದನ್ನು ತೆಗೆಯಲು ಹೋದರೆ ಕರುಳು ತೂತಾಗುವ ಭಯ. ಆಹಾರ ನಿಲ್ಲಿಸಿದರೆ ಅದು ಒಣಗಬಹುದು, ಒಣಗದೆಯೂ ಇರಬಹುದು. ವರ್ಷಕ್ಕೊಮ್ಮೆ ನೋಡಬೇಕು.

"ವರ್ಷಕ್ಕೆರಡು ಸಲ ನೋಡೋದು ನಮ್ಮ ಪದ್ಧತಿ" ಎಂದಳು ಜವರಮ್ಮ. ಡಾಕ್ಟರಿಗೆ ಅದು ತಿಳಿಯಲಿಲ್ಲ. ಹಾಗೇ ಆಗಲಿ, ಬನ್ನಿ ಎಂದರು.

ಬಾಳೂರಿಗೆ ಮರಳಿದ ಮೇಲೆ ಇಲಿಯಾಸ ನೋಡಲು ಬಂದ. ಬರುವಾಗ ರೂಢಿಯಂತೆ ಎರಡು ಪಟ್ಟಿ ಹೊಸ ಮಾತ್ರೆ ತಂದಿದ್ದ. ಊರಲ್ಲಿಲ್ಲದಾಗ ಮುಗಿದಿರಬೇಕು ಎಂದುಕೊಂಡಿದ್ದ. ಜವರಮ್ಮ ನಡೆದದ್ದನ್ನು ಹೇಳಿದಳು. ಅವನು ಜಗಲಿಯ ಮೇಲೆ ಕೂತ.

"ಹನ್ನೆರಡು ವರ್ಷ ನಾನೇ ತಂದ್ಕೊಟ್ನಲ್ಲ ಜವರಕ್ಕ."

"ತರ್ಸಿದ್ದು ಯಾರು ಮಾರಾಯ? ನೀ ಸುಮ್ನಿರು."

ಅವನು ಸುಮ್ಮನಿರಲಿಲ್ಲ. ಅಂಗಡಿಯವನನ್ನು ಹಿಡಿದು ಕೇಳುತ್ತೇನೆಂದು ಎದ್ದ. ಜಗಳಾಡಬೇಡ, ಖಾಲಿ ಪಟ್ಟಿ ನೋಡಿ ಇದನ್ನು ಇನ್ಯಾರಿಗೂ ಕೊಡಬೇಡವೆಂದಷ್ಟೇ ಹೇಳು ಎಂದು ಅವಳು ಪಟ್ಟಿಗಳನ್ನು ಅವನ ಕೈಗೇ ಹಿಂತಿರುಗಿಸಿದಳು. ಅಂಗಡಿಯವನು ಕೇಳಿಸಿಕೊಂಡನೋ, ನಕ್ಕು ಕಳಿಸಿದನೋ, ಇಲಿಯಾಸ ಅದನ್ನು ಬಂದು ಹೇಳಲಿಲ್ಲ. ಆದರೆ ಅಂದಿನಿಂದ ಲೈನಿನವರು ಯಾವ ಖಾಲಿ ಪಟ್ಟಿ ಕೊಟ್ಟರೂ ಚೀಟಿ ಎಲ್ಲಿ ಎಂದು ಕೇಳುವ ಚಾಳಿ ಅವನಿಗೆ ಅಂಟಿತು. ಜೀಪಿನವನಿಗೆ ಡಾಕ್ಟರಿಕೆ ಬಂತು ಎಂದು ಹೆಂಗಸರು ಆಡಿಕೊಂಡರು.

ಬೆಂಕಿ ಮತ್ತೆ ಬಂತು. ಹನ್ನೆರಡು ವರ್ಷ ಕಟ್ಟಿಹಾಕಿದ್ದರ ಬಾಕಿಯನ್ನೂ ಸೇರಿಸಿಕೊಂಡು ಬಂದಂತೆ ಬಂತು. ಮಾರ್ಚಿನ ಹುಡುಕಾಟಕ್ಕೆ ಅವಳಿಗೆ ಹೋಗಲಾಗಲಿಲ್ಲ. ಸೆಪ್ಟೆಂಬರಿನಲ್ಲಿ ಹೋದಳು, ಹೆಗಲ ಮೇಲೆ ಒದ್ದೆ ಟವೆಲು ಹಾಕಿಕೊಂಡು. ಕೈ ನಡುಗಿದಾಗ ಅದು ನಿಲ್ಲುವವರೆಗೆ ಗಿಡದ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಮೊದಲು ದಿನಕ್ಕೆ ನೂರೈವತ್ತು ಗಿಡ ನೋಡುತ್ತಿದ್ದವಳು ಎಪ್ಪತ್ತು ನೋಡಿದಳು. ದ್ಯಾವಮ್ಮ ಪಕ್ಕದ ಸಾಲಿನಿಂದ, ಗಿಡದ ಕಿವಿಯಲ್ಲಿ ಹೇಳುವ ಗುಟ್ಟು ಇನ್ನೂ ಮುಗಿದಿಲ್ಲವೇನೇ ಎಂದು ಕೇಳಿದಳು. ಅವತ್ತು ಜವರಮ್ಮ ಅದು ಯಾವ ಗುಟ್ಟೆಂದು ಅವಳಿಗೆ ಹೇಳಿದಳು, ಹದಿಮೂರನೆಯ ವಯಸ್ಸಿನಿಂದ ಶುರುಮಾಡಿ. ದ್ಯಾವಮ್ಮ ಬಹಳ ಹೊತ್ತು ಕೇಳಿಸಿಕೊಂಡು, ತನ್ನ ಮೊಮ್ಮಗಳಿಗೂ ತಿಂಗಳು ತಿಂಗಳು ಹೀಗೇ ಆಗುತ್ತಿದೆ, ಎಲ್ಲರಿಗೂ ಆಗುವುದೇ ಎಂದು ಬಿಟ್ಟಿದ್ದೇವೆ ಎಂದಳು. ಮುಂದಿನ ಸಲ ಮಂಗಳೂರಿನ ಬಸ್ಸಿಗೆ ಆ ಹುಡುಗಿಯೂ ಜವರಮ್ಮನ ಜೊತೆ ಹತ್ತಿದಳು.

ಕಡಲೆಕಾಳು ಮೂರು ವರ್ಷ ಅಷ್ಟೇ ಇತ್ತು. ಬೆಳೆಯಲೂ ಇಲ್ಲ, ಹೋಗಲೂ ಇಲ್ಲ. ರಕ್ತ ಮತ್ತೆ ಕಾಣಲಿಲ್ಲ. ನೋವು ಆಗೊಮ್ಮೆ ಈಗೊಮ್ಮೆ ಬಂದು, ನಿಲ್ಲದೆ ಹೋಗುತ್ತಿತ್ತು.

೨೦೦೭ರ ಮಾರ್ಚಿನಲ್ಲಿ, ಹಳ್ಳದ ಮೇಲಿನ ಬ್ಲಾಕಿನಲ್ಲಿ ಕಿತ್ತ ಗಿಡಗಳನ್ನು ಒಟ್ಟಿ ಬೆಂಕಿ ಹಚ್ಚಿದಾಗ ಆಳುಗಳೆಲ್ಲ ಬಿಸಿಗೆ ದೂರ ಸರಿದು ಸಿಲ್ವರ್ ಮರಗಳ ನೆರಳಿಗೆ ಹೋದರು. ಜವರಮ್ಮ ಹತ್ತಿರದಲ್ಲೇ ನಿಂತಿದ್ದಳು. ಬೆವರು ಹೊರಗಿನ ಬೆಂಕಿಯದೋ ಒಳಗಿನದೋ ಅವಳಿಗೆ ತಿಳಿಯುವಂತಿರಲಿಲ್ಲ. ಉರಿ ಇಳಿದ ಮೇಲೆ ಒಂದು ಕೋಲು ತೆಗೆದುಕೊಂಡು ಬೂದಿಯನ್ನು ಕೆದಕಿದಳು. ಅಡಿಯಲ್ಲಿ ಮೊಣಕೈಯುದ್ದದ ಒಂದು ಕಾಂಡ ಹೊರಮೈಯಷ್ಟೇ ಸುಟ್ಟು ಉಳಿದಿತ್ತು. ಅದನ್ನು ಕೆಂಡದ ನಡುವೆ ತಳ್ಳಿ, ಟವೆಲಿನಿಂದ ಮುಖ ಒರೆಸಿಕೊಂಡು, ಅದು ಹೊತ್ತಿಕೊಳ್ಳುವುದನ್ನು ಕಾಯುತ್ತ ನಿಂತಳು.